‘ಸಮಸ್ತರಿಗೂ’ ಎಂದ ಗಂಟೆ

ಭಿನ್ನವಾದ ವಿಗ್ರಹಕ್ಕೆ ಪೂಜೆ ಸಲ್ಲದು ಎನ್ನುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ನಡೆ. ದೇವಸ್ಥಾನದ ಗಂಟೆ ಸೀಳಿದರೂ ಅಷ್ಟೆ. ಇಳಿಸಿ, ಕಂಚನ್ನು ಕರಗಿಸಿ, ಹೊಸದಾಗಿ ಎರಕ ಹೊಯ್ಯಿಸುತ್ತೇವೆ. ಆದರೆ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒಡೆದ ಗಂಟೆಯೊಂದನ್ನು ನೋಡಲು ವರ್ಷವರ್ಷವೂ ಲಕ್ಷಾಂತರ ಜನ ಸಾಲುಗಟ್ಟಿ ನಿಲ್ಲುತ್ತಾರೆ. 1846ರ ಆಚೆಗೆ ಆ ಗಂಟೆ ತನ್ನ ನಾಲಿಗೆಯಿಂದ ನುಡಿದಿಲ್ಲ. ಲಿಬರ್ಟಿ ಬೆಲ್ ಎಂದು ಲೋಕವೆಲ್ಲ ಕರೆಯುವ ಆ ಸ್ವಾತಂತ್ರ್ಯದ ಗಂಟೆಯ ಬಗ್ಗೆ ಇವತ್ತು ನಿಮ್ಮೊಡನೆ ಕೆಲವು ಮಾತು.

1751ರ ಸುದ್ದಿ. ಪೆನ್ಸಿಲ್ವೇನಿಯಾ ಆಗ ಇಂಗ್ಲೆಂಡಿನ ವಸಾಹತು. ಅದರ ಸ್ಥಾಪಕ ವಿಲಿಯಂ ಪೆನ್ ಆ ನಾಡಿನ ಜನರಿಗೆ ಹಕ್ಕುಗಳ ಸನ್ನದು ಕೊಟ್ಟು ಐವತ್ತು ವರ್ಷವಾಗಿತ್ತು. ಶಾಸನಸಭೆಯ ಅಧ್ಯಕ್ಷ ಐಸಾಕ್ ನಾರಿಸ್, ಸಭಾಭವನದ ಗೋಪುರಕ್ಕೆ ದೊಡ್ಡದೊಂದು ಗಂಟೆ ಬೇಕೆಂದು ಲಂಡನ್ನಿನ ವೈಟ್‌ಚಾಪೆಲ್ ಎರಕಶಾಲೆಗೆ ಹೇಳಿಕಳಿಸಿದರು. ಅದರ ಮೈಮೇಲೆ ಬೈಬಲ್ಲಿನ ಯಾಜಕಕಾಂಡದ ಮಾತೊಂದನ್ನು ಮೂಡಿಸಬೇಕೆಂದೂ ಬರೆದರು. ನಾಡಿನ ಉದ್ದಗಲಕ್ಕೂ, ಅಲ್ಲಿ ನೆಲೆಸಿದ ಸಮಸ್ತರಿಗೂ ಬಿಡುಗಡೆಯನ್ನು ಸಾರಬೇಕು ಎಂಬುದು ಅದರ ಆಶಯ. ಆ ಅಧ್ಯಾಯ ಹೇಳುವುದು ಐವತ್ತನೆಯ ವರ್ಷದ ವಿಚಾರವನ್ನು. ಬಡತನಕ್ಕೆ ತಮ್ಮನ್ನೇ ಮಾರಿಕೊಂಡು ದುಡಿಯುತ್ತಿರುವವರು ಆ ವರ್ಷ ತಮ್ಮ ಮನೆಗೆ ಮರಳಬೇಕು, ಕೈತಪ್ಪಿದ ಭೂಮಿ ಮೂಲದವರಿಗೆ ಹಿಂದಿರುಗಬೇಕು. ನಾರಿಸ್ ಅವರ ಮನಸ್ಸಿನಲ್ಲಿದ್ದದ್ದು ಸನ್ನದಿನ ಐವತ್ತು ವರ್ಷದ ನೆನಪು ಇರಬಹುದು. ಆದರೆ ಆ ಮಾತು ಅವರು ಎಣಿಸಿದ್ದಕ್ಕಿಂತ ಬಹಳ ದೂರ ಹೋಗುವಂಥದು.

ಮರುವರ್ಷ ಗಂಟೆ ಹಡಗಿನಲ್ಲಿ ಬಂತು. ದನಿ ಹೇಗಿದೆ ನೋಡೋಣ ಎಂದು ಒಂದು ಸಲ ಬಾರಿಸಿದ್ದೇ ತಡ, ಅಂಚಿನಲ್ಲಿ ಸೀಳಿತು. ಜಾನ್ ಪಾಸ್, ಜಾನ್ ಸ್ಟೋ ಎಂಬ ಊರಿನ ಇಬ್ಬರು ಎರಕದವರು ಅದನ್ನು ಒಡೆದು, ಕರಗಿಸಿ, ಗಟ್ಟಿಯಾಗಲೆಂದು ಇನ್ನಷ್ಟು ತಾಮ್ರ ಬೆರೆಸಿ ಮತ್ತೆ ಹೊಯ್ದರು. ಗಂಟೆಯೇನೋ ಗಟ್ಟಿಯಾಯಿತು, ನಾದವೇ ಹೊರಟುಹೋಯಿತು. ಊರವರ ಗೇಲಿಗೆ ಬೇಸತ್ತು ಇನ್ನೊಮ್ಮೆ ಕರಗಿಸಿದರು. 1753ರಲ್ಲಿ ಗೋಪುರ ಏರಿದ್ದು ಈ ಮೂರನೆಯ ಎರಕ. ತೂಕ 2,080 ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 943 ಕಿಲೋ. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಇಪ್ಪತ್ತೈದು ಪಾಲು ತವರ. ಲಂಡನ್ನಿನವರ ಹೆಸರು ಅದರ ಮೇಲಿಲ್ಲ. ಪಾಸ್ ಮತ್ತು ಸ್ಟೋ ಅವರದು ಇಂದಿಗೂ ಇದೆ.

1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಯಾದಾಗ ಮುದುಕನೊಬ್ಬ ಈ ಗಂಟೆಯನ್ನು ಬಾರಿಸಿ ನಾಡಿಗೆ ಸಾರಿದನೆಂಬ ಕಥೆಯನ್ನು ನೀವು ಶಾಲೆಯಲ್ಲಿ ಓದಿರಬಹುದು. ಅದು ಜಾರ್ಜ್ ಲಿಪ್ಪಾರ್ಡ್ ಎಂಬ ಲೇಖಕ 1847ರಲ್ಲಿ ಕಟ್ಟಿದ ಕಥೆ. ಘೋಷಣೆಯನ್ನು ಜನರ ಮುಂದೆ ಓದಿದ್ದು ಜುಲೈ 8ರಂದು. ಮರುವರ್ಷ ಬ್ರಿಟಿಷ್ ಸೈನ್ಯ ಊರಿನತ್ತ ಬರುತ್ತಿದ್ದಾಗ, ಕರಗಿಸಿ ಫಿರಂಗಿ ಮಾಡಿಕೊಂಡಾರೆಂದು ಹೆದರಿ ಗಂಟೆಯನ್ನು ಅಲೆನ್‌ಟೌನ್‌ಗೆ ಸಾಗಿಸಿ ಚರ್ಚೊಂದರಲ್ಲಿ ಬಚ್ಚಿಟ್ಟದ್ದು ಮಾತ್ರ ನಿಜ.

ಅಷ್ಟೆಲ್ಲ ಜೋಪಾನ ಮಾಡಿದ ಊರಿಗೇ ಐವತ್ತು ವರ್ಷ ಕಳೆಯುವಷ್ಟರಲ್ಲಿ ಗಂಟೆ ಬೇಡವಾಯಿತು. 1828ರಲ್ಲಿ ಹೊಸ ಗಂಟೆ ಮಾಡಲು ಒಪ್ಪಿದ ಜಾನ್ ವಿಲ್‌ಬ್ಯಾಂಕ್ ಎಂಬ ಎರಕದವನಿಗೆ, ಹಳೆಯದನ್ನು ನೀನೇ ಒಯ್ದುಕೋ ಎಂದರು. ಸಾಗಿಸುವ ಖರ್ಚಿಗೂ ಬಾರದ ಲೋಹ ಎಂದು ಅವನೂ ಅಲ್ಲೇ ಬಿಟ್ಟ.

ಹಾಗಾದರೆ ಅದು ಸ್ವಾತಂತ್ರ್ಯದ ಗಂಟೆ ಆದದ್ದು ಯಾವಾಗ? ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಅಲ್ಲಿಯವರೆಗೂ ಅದು ಬರೀ ‘ಸಭಾಭವನದ ಗಂಟೆ’. ಆ ಹೆಸರು ಕೊಟ್ಟದ್ದು ಸರ್ಕಾರ ಅಲ್ಲ, ಸೇನಾಪತಿಗಳೂ ಅಲ್ಲ, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವರು. ‘ಲಿಬರ್ಟಿ ಬೆಲ್’ ಎಂಬ ಹೆಸರು ಅಚ್ಚಿನಲ್ಲಿ ಮೊದಲು ಕಾಣುವುದು 1835ರ ‘ಆಂಟಿ ಸ್ಲೇವರಿ ರೆಕಾರ್ಡ್’ ಪತ್ರಿಕೆಯಲ್ಲಿ. ಗಂಟೆಯ ಮೇಲೆ ಸಮಸ್ತರಿಗೂ ಎಂದು ಬರೆದಿದೆ, ಹೊಲಗಳಲ್ಲಿ ಚಾಟಿಯೇಟು ತಿನ್ನುತ್ತಿರುವ ಲಕ್ಷಗಟ್ಟಲೆ ಜನ ಆ ಸಮಸ್ತರಲ್ಲಿ ಸೇರಿಲ್ಲವೇ ಎಂಬುದು ಅವರ ಪ್ರಶ್ನೆ. ಊರು ಗುಜರಿಗೆ ಹಾಕಲು ಹೊರಟಿದ್ದ ಕಂಚಿನ ಮೇಲೆ ಅವರು ಓದಿದ್ದು ತೀರಿಸದೆ ಉಳಿದ ಮಾತನ್ನು.

ಇನ್ನು ಬಿರುಕಿನ ಸಂಗತಿ. ಚಿತ್ರಗಳಲ್ಲಿ ನಾವು ನೋಡುವ ಆ ಅಗಲವಾದ ಸೀಳು, ಸರಿಯಾಗಿ ಹೇಳಬೇಕೆಂದರೆ, ಬಿರುಕಲ್ಲ, ರಿಪೇರಿ. 1840ರ ದಶಕದ ಹೊತ್ತಿಗೆ ಗಂಟೆಯಲ್ಲಿ ತೆಳ್ಳನೆಯ ಬಿರುಕು ಬಿಟ್ಟಿತ್ತು. ಬಾರಿಸಿದಾಗ ಬಿರುಕಿನ ಎರಡು ಅಂಚುಗಳೂ ಒಂದಕ್ಕೊಂದು ತಾಗಿ ಗರಗರ ಎನ್ನುತ್ತವೆ, ದನಿ ಕೆಡುತ್ತದೆ. ಅಂಚುಗಳು ತಾಗದಂತೆ ಬಿರುಕನ್ನೇ ಅಗಲಿಸಿಬಿಡುವುದು ಅದಕ್ಕೆ ಆ ಕಾಲದ ಮದ್ದು. ಸುಮಾರು ಎರಡು ಅಡಿ ಉದ್ದಕ್ಕೆ, ಅರ್ಧ ಅಂಗುಲ ಅಗಲಕ್ಕೆ ಲೋಹವನ್ನು ಕೊರೆದು ತೆಗೆದರು. ಹತ್ತಿರದಿಂದ ನೋಡಿದರೆ ಅಂಚಿನುದ್ದಕ್ಕೂ ನಲವತ್ತಕ್ಕೂ ಹೆಚ್ಚು ಬೈರಿಗೆಯ ಗುರುತುಗಳು ಕಾಣುತ್ತವೆ. 1846ರ ಫೆಬ್ರುವರಿಯಲ್ಲಿ, ಜಾರ್ಜ್ ವಾಷಿಂಗ್ಟನ್ನರ ಹುಟ್ಟುಹಬ್ಬಕ್ಕೆಂದು ಬಾರಿಸಿದಾಗ ಕೆಲವು ಗಂಟೆಗಳ ಕಾಲ ದನಿ ಚೆನ್ನಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ರಿಪೇರಿಯ ಮೇಲ್ತುದಿಯಿಂದ ಕೂದಲೆಳೆಯಂಥ ಹೊಸ ಬಿರುಕು ಓರೆಯಾಗಿ ಮೇಲಕ್ಕೆ ಹರಿಯಿತು. ಅಲ್ಲಿಗೆ ಗಂಟೆಯ ಕಂಠ ಮುಗಿಯಿತು.

ವಾಷಿಂಗ್ಟನ್ನರ ಹುಟ್ಟುಹಬ್ಬದ ಆಚರಣೆಯಲ್ಲೇ ಹೀಗಾಯಿತೆನ್ನುವುದು ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಫಿಲಡೆಲ್ಫಿಯಾ ರಾಜಧಾನಿಯಾಗಿದ್ದ ಕಾಲದಲ್ಲಿ ಅಧ್ಯಕ್ಷ ವಾಷಿಂಗ್ಟನ್ನರ ನಿವಾಸ ಸಭಾಭವನದಿಂದ ಕೂಗಳತೆಯ ದೂರದಲ್ಲಿತ್ತು. ಆ ಮನೆಯಲ್ಲಿ ಒಂಬತ್ತು ಮಂದಿ ಗುಲಾಮರಿದ್ದರು. ಹೊರನಾಡಿನ ಯಜಮಾನರು ತಂದ ಗುಲಾಮರು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ನೆಲೆಸಿದರೆ ಬಿಡುಗಡೆ ಕೇಳಬಹುದೆಂದು 1780ರ ಕಾನೂನು ಹೇಳುತ್ತಿತ್ತು. ಆರು ತಿಂಗಳು ತುಂಬುವ ಮೊದಲೇ ವಾಷಿಂಗ್ಟನ್ ತಮ್ಮ ಗುಲಾಮರನ್ನು ಗಡಿಯಾಚೆ ಕಳಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬರು ಓನಿ ಜಡ್ಜ್, ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು, ವಾಷಿಂಗ್ಟನ್ನರ ಪತ್ನಿಯ ಸೇವೆಯಲ್ಲಿದ್ದವರು. ಒಡತಿಯ ಮೊಮ್ಮಗಳಿಗೆ ಮದುವೆಯ ಉಡುಗೊರೆಯಾಗಿ ತನ್ನನ್ನು ಕೊಡುತ್ತಾರೆಂದು ತಿಳಿದು, 1796ರ ಮೇ ತಿಂಗಳಲ್ಲಿ ಒಡೆಯರ ಮನೆಯವರು ಊಟಕ್ಕೆ ಕುಳಿತ ಹೊತ್ತಿನಲ್ಲಿ ಹೊರಬಿದ್ದರು. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದರು. ಹಿಡಿದು ತರಲು ವಾಷಿಂಗ್ಟನ್ ಜನ ಕಳಿಸಿದರೂ ಮರಳಲಿಲ್ಲ. ಮುಪ್ಪಿನಲ್ಲಿ ಗುಲಾಮಗಿರಿ ವಿರೋಧಿ ಪತ್ರಿಕೆಗಳಿಗೆ ತಮ್ಮ ಕಥೆಯನ್ನು ತಾವೇ ಹೇಳಿದರು. ಗಂಟೆ ಮೂಕವಾದ ಆ ಫೆಬ್ರುವರಿಯಲ್ಲಿ ಓನಿ ಇನ್ನೂ ಬದುಕಿದ್ದರು. 1848ರಲ್ಲಿ ತೀರಿಕೊಂಡಾಗಲೂ ಕಾನೂನಿನ ಕಣ್ಣಿನಲ್ಲಿ ಅವರು ಓಡಿಹೋದ ಗುಲಾಮಳೇ.

ಮುಂದೆ ಹೆಣ್ಣುಮಕ್ಕಳೂ ಈ ಗಂಟೆಯನ್ನು ತಮ್ಮದಾಗಿಸಿಕೊಂಡರು. 1915ರಲ್ಲಿ ಕ್ಯಾಥರೀನ್ ರುಶೆನ್‌ಬರ್ಗರ್ ಎಂಬಾಕೆ ಇದರದೇ ಪ್ರತಿರೂಪವನ್ನು ಎರಕ ಹೊಯ್ಯಿಸಿ, ‘ನ್ಯಾಯದ ಗಂಟೆ’ ಎಂದು ಹೆಸರಿಟ್ಟು, ಲಾರಿಯ ಮೇಲೇರಿಸಿ ಪೆನ್ಸಿಲ್ವೇನಿಯಾದ ಜಿಲ್ಲೆಜಿಲ್ಲೆಗೂ ಕಳಿಸಿದರು. ಅದರ ನಾಲಿಗೆಗೆ ಸರಪಳಿ ಬಿಗಿದಿತ್ತು. ಹೆಂಗಸರಿಗೆ ಮತದ ಹಕ್ಕು ಸಿಗುವವರೆಗೆ ಗಂಟೆಯೂ ಮಾತಾಡುವಂತಿಲ್ಲ ಎಂಬ ಪಣ. ಹಕ್ಕು ಬಂದ ಮೇಲೆ, 1920ರ ಸೆಪ್ಟೆಂಬರಿನಲ್ಲಿ, ಸರಪಳಿ ಬಿಚ್ಚಿ ಬಾರಿಸಿದರು.

ಮೂಲ ಗಂಟೆಯ ದನಿಯನ್ನು ನಾಡೆಲ್ಲ ಕೇಳಿದ್ದು ರೇಡಿಯೋ ಮೂಲಕವೇ. 1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದ ದಿನ, ಫಿಲಡೆಲ್ಫಿಯಾದ ಮೇಯರ್ ಸುತ್ತಿಗೆಯಿಂದ ಅದನ್ನು ಮೆಲ್ಲಗೆ ತಟ್ಟಿದರು. ಹಿಟ್ಲರನ ವಿರುದ್ಧ ಮಕ್ಕಳನ್ನು ಕಳಿಸಿ ಕಾಯುತ್ತಿದ್ದ ಮನೆಗಳಿಗೆ ಆ ಒಡಕು ದನಿಯೇ ತಲುಪಿತು.

ಈಗಿನ ಗಂಟೆಯ ಭವನ ತೆರೆದದ್ದು 2003ರಲ್ಲಿ. ಅದರ ಬಾಗಿಲ ಪಕ್ಕದಲ್ಲೇ ವಾಷಿಂಗ್ಟನ್ನರ ಆ ಮನೆ ಇದ್ದದ್ದು. ಕಪ್ಪು ಜನಾಂಗದ ನಾಗರಿಕರು, ಇತಿಹಾಸಕಾರರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2010ರಲ್ಲಿ ಅಲ್ಲೊಂದು ಸ್ಮಾರಕ ಎದ್ದಿತು. ಸಮಸ್ತರಿಗೂ ಎಂಬ ಮಾತಿನ ಹೊಸ್ತಿಲಲ್ಲೇ ಆ ಮಾತು ಮುಟ್ಟದ ಒಂಬತ್ತು ಜನರ ನೆನಪು ನಿಂತಿದೆ. ಆ ಗಂಟೆಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ನಿಮ್ಮ ಮಗನೋ ಮಗಳೋ, ನೆಂಟರೋ ಇಷ್ಟರೋ ಅಮೆರಿಕದಲ್ಲಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ ದಯವಿಟ್ಟು ಹೇಳಿ. ಫಿಲಡೆಲ್ಫಿಯಾಕ್ಕೆ ಹೋದಾಗ ಗಂಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿ, ಆದರೆ ಅದಕ್ಕೆ ಮೊದಲು ಹೊರಗಿನ ಸ್ಮಾರಕದ ಕಲ್ಲಿನಲ್ಲಿ ಕೆತ್ತಿದ ಹೆಸರುಗಳನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಲಿ. ಆಸ್ಟಿನ್, ಪ್ಯಾರಿಸ್, ಹರ್ಕ್ಯುಲೀಸ್, ಕ್ರಿಸ್ಟೋಫರ್ ಶೀಲ್ಸ್, ರಿಚ್‌ಮಂಡ್, ಗೈಲ್ಸ್, ಓನಿ ಜಡ್ಜ್, ಮೋಲ್, ಜೋ.