ಕೊನೆಯ ಒಂದು ನಿಮಿಷ

2023ರ ಅಕ್ಟೋಬರ್ 11, ಕ್ಯೋಟೊ. ಜಪಾನಿನ ಚದುರಂಗವಾದ ಷೋಗಿಯಲ್ಲಿ ಓಜಾ ಪ್ರಶಸ್ತಿಯ ನಾಲ್ಕನೇ ಆಟ. ನಗಾಸೆ ತಕುಯಾ ಗೆಲುವಿನ ಹೊಸ್ತಿಲಲ್ಲಿದ್ದರು, ಕಂಪ್ಯೂಟರಿನ ಲೆಕ್ಕವೂ ಅವರ ಕಡೆಗೇ ಇತ್ತು. ಆದರೆ ಅವರಿಗೆ ಉಳಿದಿದ್ದದ್ದು ನಡೆಗೊಂದು ನಿಮಿಷ ಮಾತ್ರ. 122ನೇ ನಡೆಯಲ್ಲಿ ಎದುರಾಳಿ ಫುಜೀ ಸೋಟಾ ಹಲಗೆಯ ನಟ್ಟನಡುವಿನ ಮನೆಗೆ ಬೆಳ್ಳಿ ಕಾಯಿ ತಂದರು. ಚಿನ್ನದ ಕಾಯಿ ಹಾಕಬೇಕಿದ್ದ ನಗಾಸೆ ಬಡ್ತಿ ಪಡೆದ ಒಂಟೆಯನ್ನು ಸರಿಸಿದರು. ತಪ್ಪು ಹೊಳೆದೊಡನೆ ಎರಡೂ ಕೈಯಿಂದ ತಲೆಗೂದಲು ಕೆದರಿಕೊಂಡರು. 138 ನಡೆಗೆ ಆಟ ಮುಗಿದಾಗ 21ರ ಹರೆಯದ ಫುಜೀ ಷೋಗಿಯ ಎಂಟೂ ಪ್ರಮುಖ ಪ್ರಶಸ್ತಿಗಳ ಒಡೆಯರಾಗಿದ್ದರು.

ಇದು ಬರಿಯ ಅದೃಷ್ಟ, ಎದುರಾಳಿಯ ಎಡವಟ್ಟು ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ನಮ್ಮ ಚದುರಂಗದಲ್ಲಿ ಸತ್ತ ಕಾಯಿ ಹೊರಗೆ ಹೋಗುತ್ತದೆ, ಹಲಗೆ ಬರಿದಾಗುತ್ತ ಬರುತ್ತದೆ. ಷೋಗಿಯಲ್ಲಿ ಹಿಡಿದ ಕಾಯಿ ಹಿಡಿದವರ ಪರವಾಗಿ ಮತ್ತೆ ಕಣಕ್ಕಿಳಿಯುತ್ತದೆ. ಹಾಗಾಗಿ ಕೊನೆಕೊನೆಗೇ ಆಟ ಹೆಚ್ಚು ಜಟಿಲ. ಅಂಥ ಹೊತ್ತಿನಲ್ಲಿ ಸೋಲುತ್ತಿರುವವರ ತಂತ್ರವೆಂದರೆ ಎದುರಾಳಿಯ ಸರಿದಾರಿಯನ್ನು ಆದಷ್ಟೂ ಕಿರಿದು ಮಾಡುವುದು. ಫುಜೀ ಮಾಡಿದ್ದು ಅದನ್ನೇ. ಸರಿಯಾದ ನಡೆ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು, ನಿಜ. ಯಂತ್ರಕ್ಕೆ ಅದು ಅಂಗೈ ಮೇಲಿನ ನೆಲ್ಲಿಕಾಯಿ. ಗಂಟೆಗಟ್ಟಲೆ ಮಂಡಿಯೂರಿ ದಣಿದಿದ್ದ ನಗಾಸೆಯವರಿಗೆ ಅದನ್ನು ಹುಡುಕಲು ಅರವತ್ತೇ ಸೆಕೆಂಡು.