ಸಜೆಯೇ ಕೊನೆಯ ಮಾತಲ್ಲ
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮುಷ್ಕರದ ದಿನ ನಾವು ಸಾವಿರ ಜನ ಬೀದಿಗಿಳಿಯುತ್ತೇವೆ. ಆದರೆ ಸಂಗಾತಿಯೊಬ್ಬನಿಗೆ ಸಜೆಯಾದ ದಿನ ಕೋರ್ಟಿನ ಅಂಗಳದಲ್ಲಿ ಉಳಿಯುವವರು ಅವನ ಹೆಂಡತಿ ಮಕ್ಕಳು ಮಾತ್ರ. ಹಣೆಬರಹವೆಂದು ನಾವು ಮನೆಗೆ ನಡೆಯುತ್ತೇವೆ. ಮ್ಯಾಜಿಸ್ಟ್ರೇಟರ ತೀರ್ಪು ಬ್ರಹ್ಮಲಿಪಿಯಲ್ಲ!

ಅವರ ಅಧಿಕಾರಕ್ಕೂ ಬೇಲಿಯುಂಟು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಒಂದು ಅಪರಾಧಕ್ಕೆ 3 ವರ್ಷಕ್ಕಿಂತ ಹೆಚ್ಚು ಸಜೆ ಕೊಡುವಂತಿಲ್ಲ. ಕಾನೂನು ಒಂದು ವರ್ಷವೆಂದು ಮಿತಿಯಿಟ್ಟಲ್ಲಿ ಎರಡು ವರ್ಷ ಕೊಟ್ಟರೆ ಅದು ನ್ಯಾಯವಲ್ಲ, ಅಕ್ರಮ. "ಒಪ್ಪಿಕೋ, ಬೇಗ ಮುಗಿಯುತ್ತದೆ" ಎಂಬ ಮಾತು ಕೇಳಿ ಅಲ್ಲಿ ತಪ್ಪೊಪ್ಪಿಕೊಂಡವನೂ ಸಜೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆಯನ್ನು ಪ್ರಶ್ನಿಸಿ ಅಪೀಲು ಮಾಡಬಹುದು.

ಅಪೀಲು ಹಾಕಿದರೆ ಸಜೆ ಹೆಚ್ಚಾದೀತೆಂಬ ಹೆದರಿಕೆ ನಮ್ಮಲ್ಲಿದೆ. ಶಿಕ್ಷೆಗೊಳಗಾದವನು ತಾನೇ ಹಾಕಿದ ಅಪೀಲಿನಲ್ಲಿ ಸೆಷನ್ಸ್ ಕೋರ್ಟು ಸಜೆಯನ್ನು ಹೆಚ್ಚಿಸಲಾಗದು. ಹೆಚ್ಚಿಸಬೇಕೆಂದು ಸರ್ಕಾರಕ್ಕೆ ಅನ್ನಿಸಿದರೆ ಅದು ಬೇರೆಯೇ ಅಪೀಲು ತರಬೇಕು.

ಕಾಲದ ಲೆಕ್ಕ ಮರೆಯಬಾರದು. ಸೆಷನ್ಸ್ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 60 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ಕಾಲವನ್ನು ಇದರಲ್ಲಿ ಎಣಿಸುವುದಿಲ್ಲ. ಆ ನಕಲನ್ನು ಜೈಲುವಾಸಿಗೆ ಪುಕ್ಕಟೆ ಕೊಡಬೇಕು. ಬಡವನಾದರೆ ವಕೀಲರನ್ನೂ ಒದಗಿಸಬೇಕು. 1978ರಲ್ಲಿ ಹೊಸ್ಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೀಗೆಂದಿತು. ಆ ಕೈದಿಯ ಅರ್ಜಿ ವಜಾ ಆಯಿತು; ಆದರೆ ಅವನಿಂದ ಹುಟ್ಟಿದ ನಿಯಮ ಎಲ್ಲ ಕೈದಿಗಳ ಆಸ್ತಿಯಾಯಿತು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಬಂಧನದಲ್ಲಿರುವವನು ಉಚಿತ ವಕೀಲರಿಗೆ ಹಕ್ಕುದಾರ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಕಚೇರಿಗೆ ಹೋಗಿ ಕೇಳಿ. ಜೈಲಿನೊಳಗಿದ್ದವನು ಜೈಲು ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು.

ಜಾಮೀನಿನ ಮೇಲಿದ್ದವನಿಗೆ 3 ವರ್ಷ ಮೀರದ ಸಜೆಯಾದರೆ, ಅಪೀಲು ಹಾಕಲು ಬೇಕಾದ ಅವಧಿಗೆ ಸಜೆ ಕೊಟ್ಟ ಕೋರ್ಟೇ ಜಾಮೀನು ಕೊಡಬೇಕು. ನಿರಾಕರಿಸಲು ವಿಶೇಷ ಕಾರಣ ಬೇಕು. ಅದನ್ನು ಆ ದಿನವೇ, ಅಲ್ಲಿಯೇ ಕೇಳಬೇಕು. 2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಸೆಕ್ಷನ್ನಿನ ಅಂಕಿ ಬದಲಾಗಿದೆ, ಈ ಹಕ್ಕುಗಳು ಬದಲಾಗಿಲ್ಲ.

ಕಾಗದ ತಾನಾಗಿ ನಡೆಯುವುದಿಲ್ಲ, ಬಂಧುಗಳೇ. ಬಿಹಾರದ ರುದುಲ್ ಶಾ 1968ರಲ್ಲಿಯೇ ನಿರ್ದೋಷಿಯೆಂದು ತೀರ್ಪಾದರೂ ಹೊರಬಂದದ್ದು 1982ರಲ್ಲಿ. ಹದಿನಾಲ್ಕು ವರ್ಷ! ಮೊದಲೇ ಕೊಟ್ಟಿದ್ದ 5,000 ರೂಪಾಯಿಯ ಮೇಲೆ ಇನ್ನೂ 30,000 ಕೊಡಬೇಕೆಂದು 1983ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಳೆದ ಯೌವನಕ್ಕೆ ಅದು ಬೆಲೆಯೇ?

ಆದ್ದರಿಂದ ಇಂದೇ ಗೊತ್ತು ಮಾಡೋಣ. ಸಂಘದಲ್ಲಿ ಒಂದು ವಹಿ ಇಡೋಣ: ಯಾರಿಗೆ ಸಜೆ, ಯಾವ ತಾರೀಖು, ನಕಲು ಬಂದಿತೇ, ಅಪೀಲಿನ ಕೊನೆಯ ದಿನ ಯಾವುದು. ಅಂಗಡಿಯವರು ಸಾಲದ ಲೆಕ್ಕ ಬರೆಯುವಷ್ಟೇ ಎಚ್ಚರದಿಂದ ಅದನ್ನು ಬರೆಯೋಣ. ಪ್ರತಿ ಭಾನುವಾರ ಇಬ್ಬರು ಜೈಲಿನ ಬಾಗಿಲಿಗೆ, ಇಬ್ಬರು ಆ ಮನೆಯ ಬಾಗಿಲಿಗೆ ಹೋಗಬೇಕು. ನಮ್ಮವನೊಬ್ಬ ಒಳಗಿರುವಾಗ ಹೊರಗಿರುವ ನಾವು ಸುಮ್ಮನಿರುವುದು ಧರ್ಮವಲ್ಲ.