ರಕ್ಷಕನೇ ಸರ್ವಾಧಿಕಾರಿಯಾದಾಗ

ಸೂಪರ್‌ಮ್ಯಾನ್ 1938ರಿಂದ ದುರ್ಬಲರ ರಕ್ಷಕ. ಟಾಮ್ ಟೇಲರ್ ಕಥೆ ಬರೆದು, 2013ರಲ್ಲಿ ಆರಂಭವಾದ ‘ಇನ್‌ಜಸ್ಟಿಸ್’ ಚಿತ್ರಕಥಾ ಮಾಲಿಕೆಯಲ್ಲಿ ಅವನೇ ಸರ್ವಾಧಿಕಾರಿ. ಜೋಕರನ ವಿಷಾನಿಲದಿಂದ ಭ್ರಮೆಗೊಂಡು ಗರ್ಭಿಣಿ ಮಡದಿ ಲೋಯಿಸ್‌ಳನ್ನು ವೈರಿಯೆಂದು ಕೊಲ್ಲುತ್ತಾನೆ. ಅವಳ ಹೃದಯ ನಿಂತೊಡನೆ ಅಣುಬಾಂಬ್ ಸಿಡಿದು ಮೆಟ್ರೊಪೊಲಿಸ್ ನಗರ ನಾಶವಾಗುತ್ತದೆ. ಜೋಕರನನ್ನು ಕೊಂದ ಸೂಪರ್‌ಮ್ಯಾನ್, ಜಗತ್ತಿನ ಯುದ್ಧಗಳೆಲ್ಲ ನಿಲ್ಲಲೆಂದು ಆಜ್ಞಾಪಿಸುತ್ತಾನೆ.

ಯುದ್ಧ ನಿಂತರೆ ಕೆಟ್ಟದ್ದೇನು? ವಂಡರ್ ವುಮನ್ ಅವನ ಪಕ್ಕ ದೃಢವಾಗಿ ನಿಲ್ಲುತ್ತಾಳೆ. ಫ್ಲ್ಯಾಶ್ ಅಳುಕುತ್ತಲೇ ನಿಲ್ಲುತ್ತಾನೆ. ನನ್ನನ್ನು ಕಾಡುವವನು ಈತ. ಬ್ಯಾಟ್‌ಮ್ಯಾನ್ ಬೇರೆ ಬಣ ಕಟ್ಟುತ್ತಾನೆ. ಹಳೆಯ ಗೆಳೆಯನೆಂಬ ದಾಕ್ಷಿಣ್ಯವಿಲ್ಲದೆ ಸೂಪರ್‌ಮ್ಯಾನ್ ಅವನ ಬೆನ್ನು ಮುರಿದಾಗ, ಆ ಮಹಾಬಲನನ್ನು ಕೆಡಹುವವನು ಮನೆಯ ವೃದ್ಧ ಸೇವಕ ಆಲ್‌ಫ್ರೆಡ್! ಬಲ ಕೊಡುವ ಮಾತ್ರೆ ನುಂಗಿದ್ದನೆನ್ನಿ. (ಅದರ ರಸಾಯನಶಾಸ್ತ್ರ ನನ್ನನ್ನು ಕೇಳಬೇಡಿ.) ಆ ಪುಟ ಬರುವ ಮುನ್ನ ನೀವು ಯಾರ ಬಣದಲ್ಲಿದ್ದಿರಿ, ನೋಡಿಕೊಳ್ಳಿ.